ಗುಡಿಸಲಲ್ಲಿ ಹುಟ್ಟಿದವರಿಗೆ ಟಿಕೆಟ್ ಕೊಟ್ಟವರು ಯಾರು?

1840ರಲ್ಲಿ ಅಮೆರಿಕದ ಊರೂರುಗಳಲ್ಲಿ ಒಂದು ವಿಚಿತ್ರ ಮೆರವಣಿಗೆ ಹೊರಡುತ್ತಿತ್ತು. ಗಾಡಿಯ ಮೇಲೆ ಮರದ ದಿಮ್ಮಿಗಳಿಂದ ಕಟ್ಟಿದ ಪುಟ್ಟ ಗುಡಿಸಲು, ಪಕ್ಕದಲ್ಲಿ ಸೇಬಿನ ಹೆಂಡದ ಪೀಪಾಯಿ, ಹಿಂದೆ ಮುಂದೆ ಹಾಡು, ಕುಣಿತ. ಇದು ವಿಗ್ ಪಕ್ಷದ ಚುನಾವಣಾ ಪ್ರಚಾರ. ಅಭ್ಯರ್ಥಿ ವಿಲಿಯಂ ಹೆನ್ರಿ ಹ್ಯಾರಿಸನ್, 67 ವರ್ಷದ ಮಾಜಿ ಸೇನಾನಿ. ಈ ಮುದುಕನಿಗೆ ಒಂದು ಪೀಪಾಯಿ ಹೆಂಡ, ಒಂದಿಷ್ಟು ಪಿಂಚಣಿ ಕೊಟ್ಟರೆ ಸಾಕು, ಗುಡಿಸಲಲ್ಲೇ ತೆಪ್ಪಗೆ ಬಿದ್ದಿರುತ್ತಾನೆ ಎಂದು ಎದುರು ಪಕ್ಷದ ಪತ್ರಿಕೆಯೊಂದು ಗೇಲಿ ಮಾಡಿತ್ತು. ವಿಗ್‌ಗಳು ಆ ಗೇಲಿಯನ್ನೇ ಎತ್ತಿಕೊಂಡು ಬಾವುಟ ಮಾಡಿಕೊಂಡರು: ಹೌದು, ನಮ್ಮವನು ಗುಡಿಸಲಿನವನೇ, ಬಡವರ ಬಂಧು.

ಅಸಲಿಗೆ ಹ್ಯಾರಿಸನ್ ಹುಟ್ಟಿದ್ದು ವರ್ಜೀನಿಯಾದ ಜೇಮ್ಸ್ ನದಿಯ ದಂಡೆಯ ಬರ್ಕ್ಲಿ ಎಂಬ ಎಸ್ಟೇಟಿನ ಇಟ್ಟಿಗೆ ಬಂಗಲೆಯಲ್ಲಿ. ಅಪ್ಪ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬ, ವರ್ಜೀನಿಯಾದ ಗವರ್ನರ್ ಆಗಿದ್ದವನು. ನಿಜವಾಗಿ ಕೆಳಗಿನಿಂದ ಬಂದವನು ಎದುರಾಳಿ, ಆಗ ಅಧ್ಯಕ್ಷನಾಗಿದ್ದ ಮಾರ್ಟಿನ್ ವ್ಯಾನ್ ಬ್ಯೂರನ್. ಅವನಪ್ಪ ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್ ಎಂಬ ಹಳ್ಳಿಯಲ್ಲಿ ಹೆಂಡದಂಗಡಿ ಇಟ್ಟಿದ್ದವನು, ಮನೆಮಾತು ಡಚ್. ಆದರೆ ವ್ಯಾನ್ ಬ್ಯೂರನ್ ಶ್ವೇತಭವನದಲ್ಲಿ ರಾಜನಂತೆ ಬದುಕುತ್ತಿದ್ದಾನೆ ಎಂದು ವಿಗ್‌ಗಳು ಡಂಗುರ ಸಾರಿದರು, ಜನ ನಂಬಿದರು. ರಾಜ್ಯವಾರು ಲೆಕ್ಕ ಹಾಕುವ ಎಲೆಕ್ಟೋರಲ್ ಮತಗಳಲ್ಲಿ ಹ್ಯಾರಿಸನ್‌ಗೆ 234, ವ್ಯಾನ್ ಬ್ಯೂರನ್‌ಗೆ ಬರೀ 60. ಹ್ಯಾರಿಸನ್ ಗೆದ್ದು, ಅಧಿಕಾರ ಹಿಡಿದ ತಿಂಗಳಿಗೇ ತೀರಿಕೊಂಡ. ಅವನು ತೀರಿಕೊಂಡರೂ ಗುಡಿಸಲಿನ ಕತೆ ಮಾತ್ರ ಉಳಿಯಿತು. ಆಮೇಲಿನ ಅಭ್ಯರ್ಥಿಗಳ ಜೀವನಚರಿತ್ರೆ ಬರೆಯುವವರೆಲ್ಲ ಮೊದಲು ಹುಡುಕುವುದು ಒಂದು ಗುಡಿಸಲನ್ನು, ಇಲ್ಲವೇ ಒಂದು ಬಡ ಅಂಗಡಿಯನ್ನು.

ನಮ್ಮವರಿಗೂ ಈ ಕತೆ ಗೊತ್ತು. ಒಲೆಯ ಬೆಳಕಿನಲ್ಲಿ ಓದಿದ ಲಿಂಕನ್, ಸೋತು ಸೋತು ಕೊನೆಗೆ ಗೆದ್ದ ಲಿಂಕನ್. ಮಗನ ಶಿಕ್ಷಕರಿಗೆ ಲಿಂಕನ್ ಬರೆದ ಪತ್ರವೆಂದು ವಾಟ್ಸಾಪಿನಲ್ಲಿ ವರ್ಷಕ್ಕೆರಡು ಸಲವಾದರೂ ಬರುತ್ತದಲ್ಲ, ಅದು ಅವನದೆನ್ನಲು ಯಾವ ಆಧಾರವೂ ಇಲ್ಲ. ಆದರೆ ಬಡತನ ಸುಳ್ಳಲ್ಲ. ಸಮಸ್ಯೆಯೆಂದರೆ, ಅದು ಏನನ್ನೂ ವಿವರಿಸುವುದಿಲ್ಲ. 1809ರ ಕೆಂಟಕಿಯಲ್ಲಿ ಗುಡಿಸಲಲ್ಲಿ ಹುಟ್ಟಿದ ಮಕ್ಕಳಿಗೆ ಲೆಕ್ಕವೇ ಇರಲಿಲ್ಲ, ಅಧ್ಯಕ್ಷನಾದದ್ದು ಒಬ್ಬ. ಅಮೆರಿಕದ ಯಾವುದೇ ಅಧ್ಯಕ್ಷನ ಏಳಿಗೆ ಅರ್ಥವಾಗಬೇಕಾದರೆ ಕೇಳಬೇಕಾದದ್ದು ನಮ್ಮ ಹಳ್ಳಿಕಟ್ಟೆಯಲ್ಲಿ ಕೇಳುವ ಪ್ರಶ್ನೆಯನ್ನೇ: ಇವನಿಗೆ ಟಿಕೆಟ್ ಕೊಟ್ಟವರು ಯಾರು, ಯಾಕೆ ಕೊಟ್ಟರು?

ಸಂವಿಧಾನದಲ್ಲಿ ಇಲ್ಲದ ಬಾಗಿಲು

ಅಮೆರಿಕದ ಸಂವಿಧಾನ ಅಧ್ಯಕ್ಷನಾಗುವವನಿಂದ ಕೇಳುವುದು ಮೂರೇ: ಹುಟ್ಟಿನಿಂದ ಆ ದೇಶದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಅಲ್ಲಿ ನೆಲೆಸಿರಬೇಕು. ಪಕ್ಷ ಎಂಬ ಮಾತೇ ಅದರಲ್ಲಿಲ್ಲ. ಆದರೆ ವಾಷಿಂಗ್ಟನ್ ನಿವೃತ್ತನಾದ ಮೇಲೆ ಪಕ್ಷದ ಹೆಸರಿಲ್ಲದೆ ಆ ಕುರ್ಚಿಯ ಹತ್ತಿರ ಸುಳಿಯುವುದು ಕಷ್ಟವಾಯಿತು. ಹಾಗಾಗಿ ಪಕ್ಷದ ಅಭ್ಯರ್ಥಿಯನ್ನು ಆರಿಸುವವರು ಯಾರು ಎಂಬುದೇ ನಿಜವಾದ ಬಾಗಿಲು. ಈ ಬಾಗಿಲು ಇನ್ನೂರು ವರ್ಷಗಳಲ್ಲಿ ಮುಖ್ಯವಾಗಿ ಎರಡು ಸಲ ಜಾಗ ಬದಲಿಸಿದೆ.

ಮೊದಲು ಅದು ರಾಜಧಾನಿಯಲ್ಲೇ ಇತ್ತು. ಸಂಸತ್ತಿನ, ಅಂದರೆ ಅಲ್ಲಿಯ ಕಾಂಗ್ರೆಸ್ಸಿನ, ಸದಸ್ಯರೇ ಪಕ್ಷವಾರು ಕೂತು ಹೆಸರು ತೀರ್ಮಾನಿಸುತ್ತಿದ್ದರು. ಜೆಫರ್ಸನ್, ಮ್ಯಾಡಿಸನ್, ಮನ್ರೊ ಮೂವರೂ ಆ ಕಾಲದವರು, ಮೂವರೂ ವರ್ಜೀನಿಯಾದ ಜಮೀನ್ದಾರರು. ಒಬ್ಬರ ಸಂಪುಟದಲ್ಲಿ ವಿದೇಶಾಂಗ ನೋಡಿಕೊಂಡವರು ಮುಂದಿನ ಅಧ್ಯಕ್ಷರಾಗುವುದು ವಾಡಿಕೆಯಾಗಿತ್ತು. 1824ರಲ್ಲಿ ಈ ಪದ್ಧತಿ ಮುರಿದುಬಿತ್ತು. ಗಡಿನಾಡಿನ ಅನಾಥ ಹುಡುಗ, ಬ್ರಿಟಿಷ್ ಅಧಿಕಾರಿಯ ಕತ್ತಿಯೇಟಿನ ಗಾಯ ಹೊತ್ತವನು, ಆಂಡ್ರ್ಯೂ ಜಾಕ್ಸನ್ ಆ ವರ್ಷ ಎಲ್ಲರಿಗಿಂತ ಹೆಚ್ಚು ಮತ ಪಡೆದೂ ಬಹುಮತವಿಲ್ಲದೆ ಕೆಳಮನೆಯ ತೀರ್ಮಾನದಲ್ಲಿ ಸೋತ. ನಾಲ್ಕು ವರ್ಷ ಅದೇ ಅನ್ಯಾಯವನ್ನು ಊರೂರಿಗೆ ಸಾರಿ 1828ರಲ್ಲಿ ಗೆದ್ದ.

1830ರ ದಶಕದಿಂದ ಬಾಗಿಲು ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ಬಂತು. ಪ್ರತಿ ರಾಜ್ಯದ ಪಕ್ಷ ತನ್ನ ಪ್ರತಿನಿಧಿಗಳನ್ನು ಕಳಿಸುತ್ತದೆ, ಅವರು ಒಂದು ಊರಿನಲ್ಲಿ ಸೇರಿ ಒಬ್ಬನಿಗೆ ಬೇಕಾದಷ್ಟು ಮತ ಬರುವವರೆಗೆ ಸುತ್ತಿನ ಮೇಲೆ ಸುತ್ತು ಮತ ಹಾಕುತ್ತಾರೆ. ನಮ್ಮ ಹೈಕಮಾಂಡಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಒಬ್ಬ ಹೈಕಮಾಂಡ್ ಇರಲಿಲ್ಲ. ಒಂದೊಂದು ರಾಜ್ಯಕ್ಕೊಬ್ಬ, ಒಂದೊಂದು ದೊಡ್ಡ ನಗರಕ್ಕೊಬ್ಬ ಪುಢಾರಿ. ಅವರೊಳಗೆ ಹೊಂದಾಣಿಕೆಯಾದರೆ ಮಾತ್ರ ಅಭ್ಯರ್ಥಿ. ಆದ್ದರಿಂದ ಎಲ್ಲರಿಗೂ ಬೇಕಾದವನಿಗಿಂತ ಯಾರಿಗೂ ಬೇಡವಾಗದವನಿಗೆ ಅಲ್ಲಿ ಅವಕಾಶ ಹೆಚ್ಚು. ಇದನ್ನು ಲಿಂಕನ್‌ನಷ್ಟು ಚೆನ್ನಾಗಿ ತಿಳಿದವನು ಇನ್ನೊಬ್ಬನಿರಲಿಲ್ಲ.

ಲಿಂಕನ್: ಸೋತವನ ಲೆಕ್ಕಾಚಾರ

ಕತೆ ಎಲ್ಲರಿಗೂ ಗೊತ್ತಿರುವುದರಿಂದ ಬಾಲ್ಯವನ್ನು ಬೇಗ ದಾಟೋಣ. 1809ರ ಫೆಬ್ರವರಿ 12ರಂದು ಕೆಂಟಕಿಯಲ್ಲಿ ಜನನ. ಅಪ್ಪ ಥಾಮಸ್ ಜಮೀನಿನ ಹಕ್ಕುಪತ್ರದ ತಕರಾರುಗಳಲ್ಲಿ ಸೋತು 1816ರಲ್ಲಿ ಇಂಡಿಯಾನಾಕ್ಕೆ ಗುಳೆ ಹೋದ. ಎರಡು ವರ್ಷಕ್ಕೆ ತಾಯಿ ಸತ್ತಳು. ವಿಷದ ಗಿಡ ಮೇಯ್ದ ಹಸುವಿನ ಹಾಲು ಕುಡಿದವರಿಗೆ ಬರುತ್ತಿದ್ದ ಕಾಯಿಲೆ. ಎಲ್ಲ ಸೇರಿಸಿದರೆ ಶಾಲೆಗೆ ಹೋದದ್ದು ಒಂದು ವರ್ಷವೂ ಆಗಲಿಕ್ಕಿಲ್ಲ ಎಂದು ಅವನೇ ಬರೆದಿದ್ದಾನೆ.

ನನಗೆ ಮುಖ್ಯವಾಗಿ ಕಾಣುವುದು 22 ವರ್ಷದ ಲಿಂಕನ್ ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಹಳ್ಳಿಗೆ ಬಂದಿಳಿದ ಮೇಲೆ ನಡೆದದ್ದು. ವರ್ಷ ತುಂಬುವುದರೊಳಗೆ ಅವನು ರಾಜ್ಯ ಶಾಸನಸಭೆಗೆ ನಿಂತ. ಹದಿಮೂರು ಜನರಲ್ಲಿ ಎಂಟನೆಯವನಾಗಿ ಸೋತ. ‘ಲಿಂಕನ್ನನ ಸೋಲುಗಳು’ ಪಟ್ಟಿಯಲ್ಲಿ ಇದೇ ಮೊದಲನೆಯದು. ಆದರೆ ಅವನ ಸ್ವಂತ ಮತಗಟ್ಟೆಯ ಲೆಕ್ಕ ನೋಡಿ: 300ರಲ್ಲಿ 277 ಮತ ಅವನಿಗೆ. ಕಂಡವರೆಲ್ಲ ಮತ ಹಾಕಿದ್ದರು, ಕಾಣದವರು ಹಾಕಿರಲಿಲ್ಲ. ಸೋಲಿಗೆ ಕಾರಣ ಪರಿಚಯದ ಕೊರತೆ, ಅಷ್ಟೇ.

ಪರಿಚಯ ಬೆಳೆಸಿದ್ದು ಎರಡು ಸಣ್ಣ ಸರ್ಕಾರಿ ಕೆಲಸಗಳು. ಪಾಲುದಾರಿಕೆಯಲ್ಲಿ ಹಾಕಿದ ಅಂಗಡಿ ಮುಳುಗಿ ಸಾಲ ತಲೆಗೆ ಬಂದಿತ್ತು. 1833ರಲ್ಲಿ ಹಳ್ಳಿಯ ಪೋಸ್ಟ್ ಮಾಸ್ಟರ್ ಕೆಲಸ ಸಿಕ್ಕಿತು. ಊರಿಗೆ ಬರುವ ಎಲ್ಲ ಪತ್ರಿಕೆಗಳನ್ನೂ ಪುಕ್ಕಟೆ ಓದಬಹುದಾದ ಕೆಲಸ. ಜತೆಗೆ ಸಹಾಯಕ ಸರ್ವೆಯರ್ ಕೆಲಸ. ಜಮೀನು ಅಳೆಯುತ್ತ ಜಿಲ್ಲೆಯ ರೈತರ ಮನೆಗಳಲ್ಲಿ ಉಂಡು ಮಲಗುವ ಕೆಲಸ. ರಾಜಕಾರಣಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಯಾವುದು? 1834ರಲ್ಲಿ ಗೆದ್ದ, ಅದೂ ಸೇರಿ ಸತತ ನಾಲ್ಕು ಅವಧಿ. ಸಹ ಶಾಸಕ ಜಾನ್ ಟಾಡ್ ಸ್ಟುವರ್ಟ್ ಕಾನೂನು ಪುಸ್ತಕ ಕೊಟ್ಟು ಓದಿಸಿ, ವಕೀಲನಾದ ಮೇಲೆ ತನ್ನ ಆಫೀಸಿಗೇ ಸೇರಿಸಿಕೊಂಡ. ಶಾಸಕನಾಗಿ ಲಿಂಕನ್ ಮಾಡಿದ ದೊಡ್ಡ ಕೆಲಸ, ಮಸಲತ್ತು ನಡೆಸಿ ರಾಜ್ಯದ ರಾಜಧಾನಿಯನ್ನು ವಂಡೇಲಿಯಾದಿಂದ ಸ್ಪ್ರಿಂಗ್‌ಫೀಲ್ಡಿಗೆ ತಂದದ್ದು. ಇಂಥ ವ್ಯವಹಾರದಲ್ಲಿ ಅವನು ಎತ್ತಿದ ಕೈ.

1847ರಿಂದ ಎರಡು ವರ್ಷ ವಾಷಿಂಗ್ಟನ್ನಿನ ಕೆಳಮನೆಯಲ್ಲಿದ್ದು, ಮೆಕ್ಸಿಕೊ ಯುದ್ಧವನ್ನು ಪ್ರಶ್ನಿಸಿ ಊರಿನವರ ಕೆಂಗಣ್ಣಿಗೆ ಗುರಿಯಾಗಿ ಮರಳಿದ. ಮುಂದಿನ ಐದಾರು ವರ್ಷ ವಕೀಲಿ. ಗುಲಾಮಗಿರಿ ಪಶ್ಚಿಮದ ಹೊಸ ಪ್ರಾಂತ್ಯಗಳಿಗೆ ಹಬ್ಬಲು ದಾರಿ ಮಾಡಿಕೊಟ್ಟ 1854ರ ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆ ಅವನನ್ನು ಮತ್ತೆ ರಾಜಕೀಯಕ್ಕೆ ಎಳೆಯಿತು.

ಇಲ್ಲಿಂದ ಕತೆ ನಿಧಾನವಾಗಿ ಹೇಳಬೇಕಾದದ್ದು. ಆಗ ಸೆನೆಟ್ ಸದಸ್ಯರನ್ನು ಜನ ಆರಿಸುತ್ತಿರಲಿಲ್ಲ, ರಾಜ್ಯ ಶಾಸನಸಭೆ ಆರಿಸುತ್ತಿತ್ತು, ನಮ್ಮ ರಾಜ್ಯಸಭೆಯಂತೆ. 1855ರ ಫೆಬ್ರವರಿಯಲ್ಲಿ ಇಲಿನಾಯ್ ಶಾಸಕರು ಮತ ಹಾಕಿದಾಗ ಮೊದಲ ಸುತ್ತಿನಲ್ಲಿ ಲಿಂಕನ್ನನಿಗೆ 44 ಮತ. ಗೆಲುವಿಗೆ ಕೆಲವೇ ಮತ ಕಮ್ಮಿ. ಗುಲಾಮಗಿರಿ ವಿಸ್ತರಣೆಯನ್ನು ವಿರೋಧಿಸುವ ಐವರು ಡೆಮಾಕ್ರಟರು ಮಾತ್ರ ವಿಗ್ ಪಕ್ಷದವನಾದ ಲಿಂಕನ್ನನಿಗೆ ಮತ ಹಾಕಲಾರೆವೆಂದು ಪಟ್ಟು ಹಿಡಿದು ತಮ್ಮವನೇ ಆದ ಲೈಮನ್ ಟ್ರಂಬುಲ್‌ಗೆ ಅಂಟಿಕೊಂಡರು. ಸುತ್ತುಗಳು ಉರುಳುತ್ತಿದ್ದಂತೆ ಮೂರನೆಯವನೊಬ್ಬ, ಗವರ್ನರ್ ಮ್ಯಾಟೆಸನ್, ಗೆಲ್ಲುವ ಲಕ್ಷಣ ಕಂಡಿತು. ಲಿಂಕನ್ ತನ್ನ ಬೆಂಬಲಿಗರನ್ನು ಕರೆದು ಟ್ರಂಬುಲ್‌ಗೆ ಮತ ಹಾಕಿ ಎಂದ. 44 ಇದ್ದವನು ಐದು ಇದ್ದವನಿಗೆ ಸೀಟು ಬಿಟ್ಟುಕೊಟ್ಟ. ಅವನ ಹೆಂಡತಿ ಮೇರಿಗೆ ಇದು ಸಹಿಸಲಾಗಲಿಲ್ಲ. ಟ್ರಂಬುಲ್‌ನ ಹೆಂಡತಿ ಜೂಲಿಯಾ ಮೇರಿಯ ಮದುವೆಯಲ್ಲಿ ಜತೆ ನಿಂತಿದ್ದ ಗೆಳತಿ. ಅವಳೊಂದಿಗೆ ಮೇರಿ ಮಾತು ಬಿಟ್ಟಳು. ಲಿಂಕನ್ ಮಾತ್ರ ಅದನ್ನು ಹೊಟ್ಟೆಗೆ ಹಾಕಿಕೊಂಡು ಟ್ರಂಬುಲ್‌ಗೆ ನಗುನಗುತ್ತ ಕೈಕುಲುಕಿದ.

ಆ ಐವರಲ್ಲಿ ಇಬ್ಬರ ಹೆಸರು ನೆನಪಿಡಬೇಕು: ನಾರ್ಮನ್ ಜಡ್, ಜಾನ್ ಪಾಮರ್. ಬೇಗನೆ ಇವರೆಲ್ಲ ಹೊಸ ರಿಪಬ್ಲಿಕನ್ ಪಕ್ಷದಲ್ಲಿ ಒಂದಾದರು. ಜಡ್ ರಾಜ್ಯ ಘಟಕದ ಮುಖ್ಯಸ್ಥನಾದ. 1858ರಲ್ಲಿ ಲಿಂಕನ್ ಸ್ಟೀಫನ್ ಡಗ್ಲಾಸ್ ಎದುರು ಮತ್ತೆ ಸೆನೆಟ್‌ಗೆ ನಿಂತು ಏಳು ಬಹಿರಂಗ ಚರ್ಚೆ ನಡೆಸಿ ಮತ್ತೆ ಸೋತ. ಆದರೆ ಚರ್ಚೆಗಳು ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾದವು. ನ್ಯೂ ಸೇಲಂನಲ್ಲಿ ಕಾಡಿದ್ದ ಪರಿಚಯದ ಕೊರತೆ ಈಗ ಇರಲಿಲ್ಲ.

1860. ಪಕ್ಷದ ರಾಷ್ಟ್ರೀಯ ಸಮಾವೇಶ ಎಲ್ಲಿ ಎಂಬ ಮಾತು ಬಂದಾಗ ಜಡ್, ‘ಶಿಕಾಗೊದಲ್ಲಿ ಮಾಡೋಣ, ನಮ್ಮ ಇಲಿನಾಯ್‌ನಲ್ಲಿ ಹೇಳಿಕೊಳ್ಳುವಂಥ ಅಭ್ಯರ್ಥಿ ಯಾರೂ ಇಲ್ಲ, ಯಾರಿಗೂ ಅನ್ಯಾಯವಾಗದು’ ಎಂಬ ವಾದ ಹೂಡಿ ಸಮಿತಿಯನ್ನು ಒಪ್ಪಿಸಿದ. ಮೇ ತಿಂಗಳಲ್ಲಿ ಡಿಕೇಟರ್ ಎಂಬ ಊರಿನಲ್ಲಿ ರಾಜ್ಯ ಸಮಾವೇಶ. ಲಿಂಕನ್ನನ ಬಂಧು ಜಾನ್ ಹ್ಯಾಂಕ್ಸ್ ಎರಡು ಹಳೇ ಬೇಲಿಮರಗಳನ್ನು ಹೊತ್ತು ಸಭೆಯೊಳಗೆ ಬಂದ. ಮೂವತ್ತು ವರ್ಷದ ಹಿಂದೆ ತಾನೂ ಲಿಂಕನ್ನನೂ ಸೀಳಿದ ಮರಗಳಿವು ಎಂದ. ಚಪ್ಪರ ಹಾರಿಹೋಗುವಂತೆ ಕೇಕೆ. ಇವೇ ಮರಗಳೋ ಹೇಳಲಾರೆ, ಇವಕ್ಕಿಂತ ಚೆನ್ನಾಗಿ ಸೀಳಿದ್ದೇನೆ ಎಂದು ಲಿಂಕನ್ ನಕ್ಕನಂತೆ. ‘ಬೇಲಿಮರ ಸೀಳಿದವನು’ ಎಂಬ ಬಿರುದು ಅಲ್ಲಿ ಹುಟ್ಟಿತು. ಆ ಹೊತ್ತಿಗೆ ಬಿರುದಾಂಕಿತ ಏನು ಮಾಡುತ್ತಿದ್ದನೆಂದರೆ ರೈಲ್ವೆ ಕಂಪನಿಗಳ ಪರ ವಾದಿಸುತ್ತಿದ್ದ; ಇಲಿನಾಯ್ ಸೆಂಟ್ರಲ್ ಕಂಪನಿಯಿಂದ ಒಂದೇ ಮೊಕದ್ದಮೆಗೆ 5,000 ಡಾಲರ್ ಫೀಜು ಬರಬೇಕೆಂದು ದಾವೆ ಹೂಡಿ ವಸೂಲು ಮಾಡಿದ್ದ. ಮರುದಿನ, ಇಲಿನಾಯ್ ಪ್ರತಿನಿಧಿಗಳೆಲ್ಲ ಒಗ್ಗಟ್ಟಾಗಿ ಲಿಂಕನ್ನನಿಗೇ ಮತ ಹಾಕಬೇಕೆಂಬ ನಿರ್ಣಯ ಮಂಡಿಸಿದ್ದು ಆ ಪಾಮರ್.

ವಾರದೊಳಗೆ ಶಿಕಾಗೊ. ‘ವಿಗ್ವಾಮ್’ ಎಂಬ ಹೆಸರಿನ, ಸಮಾವೇಶಕ್ಕೆಂದೇ ಹಲಗೆಗಳಿಂದ ಕಟ್ಟಿದ ದೊಡ್ಡ ಮಂಟಪ. ಪದ್ಧತಿಯಂತೆ ಅಭ್ಯರ್ಥಿ ಅಲ್ಲಿಗೆ ಹೋಗುವಂತಿಲ್ಲ. ಲಿಂಕನ್ ಸ್ಪ್ರಿಂಗ್‌ಫೀಲ್ಡಿನಲ್ಲೇ ಉಳಿದ. ಅವನ ಪರ ಕೆಲಸ ಮಾಡಿದ್ದು ನ್ಯಾಯಾಧೀಶ ಡೇವಿಡ್ ಡೇವಿಸ್. ವರ್ಷಗಟ್ಟಲೆ ಊರಿಂದೂರಿಗೆ ಕೋರ್ಟ್ ನಡೆಸುತ್ತ ಹೋಗುವಾಗ ಲಿಂಕನ್ನನ ಜತೆ ಒಂದೇ ಛತ್ರದಲ್ಲಿ ಮಲಗಿದವನು. ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿದ್ದವನು ನ್ಯೂಯಾರ್ಕಿನ ವಿಲಿಯಂ ಸೀವರ್ಡ್. ಅವನ ಬೆಂಬಲಿಗರು ಬ್ಯಾಂಡ್ ಸಮೇತ ಬೀದಿಯಲ್ಲಿ ಮೆರವಣಿಗೆ ಹೋದರೆ, ಲಿಂಕನ್ನನ ಕಡೆಯವರು ನಕಲಿ ಪ್ರವೇಶಚೀಟಿ ಅಚ್ಚು ಹಾಕಿಸಿ ಮಂಟಪದೊಳಗಿನ ಜಾಗ ತುಂಬಿಸಿಬಿಟ್ಟರು. ಆಸನ ವ್ಯವಸ್ಥೆ ಜಡ್‌ನದು; ನ್ಯೂಯಾರ್ಕಿನವರು ಪೆನ್ಸಿಲ್ವೇನಿಯಾದವರೊಂದಿಗೆ ಗುಸುಗುಸು ನಡೆಸಲಾಗದಷ್ಟು ದೂರ ಕೂರಿಸಿದ್ದ.

ಗೆಲ್ಲಲು ಬೇಕಾದ ಮತ 233. ಮೊದಲ ಸುತ್ತಿನಲ್ಲಿ ಸೀವರ್ಡ್‌ಗೆ 173½, ಲಿಂಕನ್‌ಗೆ 102. ಉಳಿದವು ಕ್ಯಾಮೆರಾನ್, ಚೇಸ್, ಬೇಟ್ಸ್ ಮೊದಲಾದವರಿಗೆ ಹಂಚಿಹೋದವು. ಎರಡು ತಿಂಗಳ ಹಿಂದೆಯೇ ಲಿಂಕನ್ ಒಬ್ಬ ಮಿತ್ರನಿಗೆ ಬರೆದಿದ್ದ: ನಾನು ಬಹಳ ಜನರ ಮೊದಲ ಆಯ್ಕೆಯಲ್ಲ, ಯಾರ ಮನಸ್ಸನ್ನೂ ನೋಯಿಸದೆ ಇದ್ದರೆ, ಮೊದಲ ಪ್ರೀತಿಯನ್ನು ಕೈಬಿಡಬೇಕಾಗಿ ಬಂದಾಗ ಅವರು ನಮ್ಮ ಕಡೆ ಬರುತ್ತಾರೆ. ಅಕ್ಷರಶಃ ಹಾಗೇ ಆಯಿತು. ಸೀವರ್ಡ್‌ಗೆ ಶತ್ರುಗಳಿದ್ದರು, ಗೆಲ್ಲಲೇಬೇಕಾದ ರಾಜ್ಯಗಳಲ್ಲಿ ಅವನು ಸೋಲುತ್ತಾನೆಂಬ ಭಯವಿತ್ತು. ಎರಡನೇ ಸುತ್ತಿಗೆ ಪೆನ್ಸಿಲ್ವೇನಿಯಾ ಲಿಂಕನ್ ಕಡೆ ವಾಲಿತು: 184½ಕ್ಕೆ 181. ಮೂರನೇ ಸುತ್ತಿನಲ್ಲಿ ಲಿಂಕನ್ 231½ ಮುಟ್ಟಿದ, ಒಹಾಯೊದ ನಾಲ್ವರು ಎದ್ದು ನಿಂತು ಮತ ಬದಲಿಸಿದರು. ‘ನನ್ನನ್ನು ಕಟ್ಟಿಹಾಕುವ ಯಾವ ಒಪ್ಪಂದವನ್ನೂ ಮಾಡಬೇಡಿ’ ಎಂದು ಲಿಂಕನ್ ಹೇಳಿ ಕಳಿಸಿದ್ದ. ಡೇವಿಸ್ ಅದನ್ನು ಎಷ್ಟರಮಟ್ಟಿಗೆ ಪಾಲಿಸಿದ ಎಂಬುದರ ಬಗ್ಗೆ ಇವತ್ತಿಗೂ ವಾದವಿದೆ. ಪೆನ್ಸಿಲ್ವೇನಿಯಾದ ಕ್ಯಾಮೆರಾನ್ ಮಾತ್ರ ಮುಂದೆ ಯುದ್ಧ ಮಂತ್ರಿಯಾದ. ಸೀವರ್ಡ್, ಚೇಸ್, ಬೇಟ್ಸ್ ಕೂಡ ಸಂಪುಟ ಸೇರಿದರು.

ನವೆಂಬರ್ ಚುನಾವಣೆ ಇದಕ್ಕೆ ಹೋಲಿಸಿದರೆ ಸುಲಭ. ಡೆಮಾಕ್ರಟರು ಒಡೆದು ಇಬ್ಬರನ್ನು ನಿಲ್ಲಿಸಿದ್ದರು, ನಾಲ್ಕನೆಯವನೊಬ್ಬನಿದ್ದ. ಜನಮತದ ಶೇ 40ನ್ನೂ ಮುಟ್ಟದ ಲಿಂಕನ್ 180 ಎಲೆಕ್ಟೋರಲ್ ಮತಗಳೊಂದಿಗೆ ಗೆದ್ದ.

ಇದೇ ಯಂತ್ರ ಕೆಲವೊಮ್ಮೆ ಕೇಳದವನನ್ನೂ ಮೇಲೆತ್ತುತ್ತಿತ್ತು. ಗುಡಿಸಲಲ್ಲಿ ಹುಟ್ಟಿದ ಕೊನೆಯ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ 1880ರ ಸಮಾವೇಶಕ್ಕೆ ಬಂದದ್ದು ಇನ್ನೊಬ್ಬನ ಹೆಸರು ಸೂಚಿಸಲು. ಬಣಗಳು ಜಗ್ಗಾಡಿ ಸುಸ್ತಾಗಿ 36ನೇ ಸುತ್ತಿನಲ್ಲಿ ಅವನನ್ನೇ ಆರಿಸಿದವು. ಸೋತ ಬಣವನ್ನು ಸಮಾಧಾನಪಡಿಸಲು ಉಪಾಧ್ಯಕ್ಷ ಸ್ಥಾನ ಕೊಟ್ಟದ್ದು ಚೆಸ್ಟರ್ ಆರ್ಥರ್‌ಗೆ. ನ್ಯೂಯಾರ್ಕ್ ಬಂದರಿನ ಸುಂಕದ ಕಟ್ಟೆಯ ಮುಖ್ಯಸ್ಥನಾಗಿ ಪಕ್ಷದ ಬೆಂಬಲಿಗರಿಗೆ ನೌಕರಿ ಹಂಚಿದ್ದೇ ಅವನ ರಾಜಕೀಯ ಬಂಡವಾಳ. ಮರುವರ್ಷ ಗಾರ್‌ಫೀಲ್ಡ್ ಗುಂಡೇಟಿಗೆ ಬಲಿಯಾಗಿ ಆರ್ಥರ್ ಅಧ್ಯಕ್ಷನಾದ. ಸರ್ಕಾರಿ ನೌಕರಿಯನ್ನು ಪರೀಕ್ಷೆಯ ಮೇಲೆ ಕೊಡಬೇಕೆಂಬ 1883ರ ಕಾಯ್ದೆಗೆ ಸಹಿ ಹಾಕಿದವನು ಇವನೇ ಎಂದರೆ ನಂಬಲು ಸ್ವಲ್ಪ ಹೊತ್ತು ಬೇಕು.

ಟ್ರೂಮನ್ ಮತ್ತು ಅವನ ಪುಢಾರಿ

ಹ್ಯಾರಿ ಟ್ರೂಮನ್ 38ನೇ ವಯಸ್ಸಿನವರೆಗೆ ಕೈಹಾಕಿದ್ದರಲ್ಲಿ ಹೆಚ್ಚಿನವು ಕೈಕೊಟ್ಟವು. ಮಿಸೌರಿಯ ಹುಡುಗ, ಚಿಕ್ಕಂದಿನಲ್ಲೇ ದಪ್ಪ ಕನ್ನಡಕ, ದೃಷ್ಟಿದೋಷದಿಂದ ಸೇನಾ ಅಕಾಡೆಮಿಯ ಕನಸು ಹೋಯಿತು. ಧಾನ್ಯದ ಸಟ್ಟಾ ವ್ಯವಹಾರದಲ್ಲಿ ಅಪ್ಪ ಕೈ ಸುಟ್ಟುಕೊಂಡಿದ್ದರಿಂದ ಕಾಲೇಜಿಲ್ಲ. ಹತ್ತು ವರ್ಷ ಬೇಸಾಯ. ಮೊದಲ ಮಹಾಯುದ್ಧದಲ್ಲಿ ಫಿರಂಗಿದಳದ ಕ್ಯಾಪ್ಟನ್. ಮರಳಿ ಬಂದು ಗೆಳೆಯ ಎಡ್ಡಿ ಜೇಕಬ್‌ಸನ್ ಜತೆ ಕಾನ್ಸಾಸ್ ಸಿಟಿಯಲ್ಲಿ ಅಂಗಿ, ಟೈ, ಟೋಪಿ ಮಾರುವ ಅಂಗಡಿ ಇಟ್ಟ. 1922ರಲ್ಲಿ ಮುಚ್ಚಿತು. ದಿವಾಳಿ ಅರ್ಜಿ ಹಾಕದೆ ವರ್ಷಾನುಗಟ್ಟಲೆ ಸಾಲ ತೀರಿಸಿದ.

ಅಂಗಡಿ ಮುಳುಗುತ್ತಿದ್ದಾಗಲೇ ರಾಜಕೀಯ ಬಾಗಿಲು ತಟ್ಟಿತು. ಯುದ್ಧದಲ್ಲಿ ಪರಿಚಯವಾದ ಜಿಮ್ ಪೆಂಡರ್‌ಗಾಸ್ಟ್‌ನ ಅಪ್ಪ ಮೈಕ್, ಚಿಕ್ಕಪ್ಪ ಟಾಮ್ ಇಬ್ಬರೂ ಕಾನ್ಸಾಸ್ ಸಿಟಿಯ ಡೆಮಾಕ್ರಟಿಕ್ ಪಕ್ಷವನ್ನು ಮುಷ್ಟಿಯಲ್ಲಿ ಇಟ್ಟುಕೊಂಡವರು. ಬಡವರಿಗೆ ಚಳಿಗಾಲದಲ್ಲಿ ಕಲ್ಲಿದ್ದಲು, ಕೆಲಸವಿಲ್ಲದವನಿಗೆ ಕೆಲಸ, ಬದಲಿಗೆ ಮತ. ಆ ಮತದಿಂದ ಗೆದ್ದವರಿಂದ ಗುತ್ತಿಗೆ. ನಗರದ ಕಾಮಗಾರಿಗಳಿಗೆ ಕಾಂಕ್ರೀಟ್ ಟಾಮ್‌ನ ಕಂಪನಿಯದು. ಜಾಕ್ಸನ್ ಕೌಂಟಿಯ ಹಳ್ಳಿಭಾಗದಲ್ಲಿ ಅವರಿಗೊಬ್ಬ ಮರ್ಯಾದಸ್ಥ ರೈತ ಬೇಕಿತ್ತು; ಮಾಜಿ ಸೈನಿಕನಾದರೆ ಇನ್ನೂ ಒಳ್ಳೆಯದು. 1922ರಲ್ಲಿ ಟ್ರೂಮನ್ ಕೌಂಟಿ ‘ನ್ಯಾಯಾಧೀಶ’ನಾದ. ಹೆಸರು ಹಾಗಿದ್ದರೂ ಕೋರ್ಟಿಗೂ ಈ ಹುದ್ದೆಗೂ ಸಂಬಂಧವಿಲ್ಲ. ರಸ್ತೆ, ಕಟ್ಟಡ, ತೆರಿಗೆ ನೋಡಿಕೊಳ್ಳುವ, ಹೆಚ್ಚುಕಮ್ಮಿ ನಮ್ಮ ಜಿಲ್ಲಾ ಪಂಚಾಯಿತಿಯ ಕೆಲಸ.

ಆಶ್ಚರ್ಯವೆಂದರೆ ಅವನು ರಸ್ತೆಗಳನ್ನು ನಿಜಕ್ಕೂ ಚೆನ್ನಾಗಿ ಮಾಡಿಸಿದ, ಟೆಂಡರನ್ನು ಕಡಿಮೆ ದರದವನಿಗೇ ಕೊಟ್ಟ. 1930ರ ದಶಕದ ಆರಂಭದಲ್ಲಿ ಅವನು ಒಂದು ಹೋಟೆಲ್ ಕೋಣೆಯಲ್ಲಿ ಒಬ್ಬನೇ ಕೂತು ತನಗಾಗಿ ಬರೆದುಕೊಂಡ ಟಿಪ್ಪಣಿಗಳಿವೆ. ಪುಢಾರಿಗಳ ಬಾಯಿ ಮುಚ್ಚಿಸಲು ಕೆಲಸಕ್ಕೆ ಬಾರದವರನ್ನು ಸಂಬಳಕ್ಕೆ ಇಟ್ಟುಕೊಂಡೆ, ಸಾಮಾನಿಗೆ ಬೆಲೆಗಿಂತ ಹೆಚ್ಚು ಕೊಟ್ಟೆ, ಹಾಗೆ ಮಾಡಿ 35 ಲಕ್ಷ ಡಾಲರ್ ಉಳಿಸಿದೆ, ಮಾಡಿದ್ದು ಸರಿಯೋ ತಪ್ಪೋ ಎಂಬ ತೊಳಲಾಟ ಅವುಗಳಲ್ಲಿದೆ. ಅಧ್ಯಕ್ಷರ ಕಾಗದಪತ್ರಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಅಪರೂಪ.

1934ರಲ್ಲಿ ಟಾಮ್ ಸೆನೆಟ್‌ಗೆ ಮೊದಲು ಕೇಳಿದವರು ಒಲ್ಲೆ ಎಂದ ಮೇಲೆ ಟ್ರೂಮನ್‌ಗೆ ಟಿಕೆಟ್ ಬಂತು. ವಾಷಿಂಗ್ಟನ್ನಿನಲ್ಲಿ ಅವನನ್ನು ‘ಪೆಂಡರ್‌ಗಾಸ್ಟ್‌ನ ಸೆನೆಟರ್’ ಎಂದೇ ಕರೆದರು. 1939ರಲ್ಲಿ ಟಾಮ್ ತೆರಿಗೆ ವಂಚನೆಗಾಗಿ ಜೈಲು ಸೇರಿದ. ಮರುವರ್ಷ ಟ್ರೂಮನ್ ಪಕ್ಷದೊಳಗಿನ ಪೈಪೋಟಿಯಲ್ಲಿ ಎಂಟು ಸಾವಿರದಷ್ಟು ಮತಗಳಲ್ಲಿ ಬಚಾವಾದ. ಆಮೇಲೆ ಯುದ್ಧಕಾಲದ ಗುತ್ತಿಗೆಗಳ ದುಂದುವೆಚ್ಚವನ್ನು ತನಿಖೆ ಮಾಡುವ ಸಮಿತಿಯ ಮುಖ್ಯಸ್ಥನಾಗಿ ಹೆಸರು ಮಾಡಿದ. ಗುತ್ತಿಗೆದಾರರ ಕೈಚಳಕ ಅವನಿಗೆ ಹೊಸದೇನಾಗಿರಲಿಲ್ಲವಲ್ಲ.

1944ರ ಹೊತ್ತಿಗೆ ಅಧ್ಯಕ್ಷ ರೂಸ್ವೆಲ್ಟ್ ನಾಲ್ಕನೇ ಅವಧಿಯನ್ನು ಮುಗಿಸಲಾರನೆಂಬುದು ಹತ್ತಿರದವರಿಗೆ ಗೊತ್ತಿತ್ತು. ಉಪಾಧ್ಯಕ್ಷ ಹೆನ್ರಿ ವಾಲೆಸ್ ದಕ್ಷಿಣದವರಿಗೆ, ನಗರಗಳ ಪುಢಾರಿಗಳಿಗೆ ಆಗದವನು. ಟ್ರೂಮನ್ ಯಾರಿಗೂ ಬೇಡದವನಲ್ಲ. ಉಪಾಧ್ಯಕ್ಷ ಸ್ಥಾನದ ಟಿಕೆಟ್ ಅವನು ಒಲ್ಲೆನೆಂದಾಗ, ಶಿಕಾಗೊದ ಹೋಟೆಲಿಗೆ ಫೋನ್ ಮಾಡಿದ ರೂಸ್ವೆಲ್ಟ್, ಯುದ್ಧದ ನಡುವೆ ಪಕ್ಷ ಒಡೆಯುವ ಆಸೆಯಿದ್ದರೆ ಒಡೆಯಲಿ, ಹೊಣೆ ಅವನದೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಫೋನ್ ಇಟ್ಟ. ಮೊದಲ ಸುತ್ತಿನಲ್ಲಿ ವಾಲೆಸ್ ಮುಂದಿದ್ದ. ಎರಡನೆಯದರಲ್ಲಿ ಟ್ರೂಮನ್ ಗೆದ್ದ. 1945ರ ಜನವರಿಯಲ್ಲಿ ಟಾಮ್ ತೀರಿಕೊಂಡಾಗ ಹೊಸ ಉಪಾಧ್ಯಕ್ಷ, ಪತ್ರಿಕೆಗಳು ಏನಾದರೂ ಬರೆದುಕೊಳ್ಳಲಿ ಎಂದು ಅಂತ್ಯಕ್ರಿಯೆಗೆ ಹೋದ. ಏಪ್ರಿಲ್ 12ಕ್ಕೆ ಅಧ್ಯಕ್ಷನಾದ.

ಎರಡು ಮತಪೆಟ್ಟಿಗೆಗಳು

ಲಿಂಡನ್ ಜಾನ್ಸನ್ ತನ್ನ ಬಡತನವನ್ನು ಜೀವನಪೂರ್ತಿ ಹೇಳಿಕೊಂಡ. ಟೆಕ್ಸಸ್‌ನ ಒಣ ಗುಡ್ಡಗಾಡಿನಲ್ಲಿ 1908ರಲ್ಲಿ ಹುಟ್ಟಿದ್ದು, ಹತ್ತಿಯಲ್ಲಿ ಅಪ್ಪ ಸಾಲಗಾರನಾದದ್ದು, ಕಾಲೇಜಿನ ಖರ್ಚಿಗೆ ಕೊಟುಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದು ಎಲ್ಲ ನಿಜ. ಆದರೆ ಆ ಅಪ್ಪ ಹಲವು ಅವಧಿಗೆ ಶಾಸಕನಾಗಿದ್ದವನು. ಹುಡುಗ ಅವನ ಜತೆ ಪ್ರಚಾರಕ್ಕೆ ಹೋಗುತ್ತ ಬೆಳೆದ. ಹತ್ತಿರದ ಪೇಟೆಯ ಹೆಸರೇ ಜಾನ್ಸನ್ ಸಿಟಿ, ಅವರ ಮನೆತನದ್ದು. ದುಡ್ಡು ಇರಲಿಲ್ಲ, ಬಾಗಿಲು ಎಲ್ಲಿದೆ ಎಂದು ಗೊತ್ತಿತ್ತು.

1941ರಲ್ಲಿ ಸೆನೆಟ್‌ಗೆ ನಿಂತಾಗ ತನ್ನ ಕಡೆಯ ಕೌಂಟಿಗಳ ಲೆಕ್ಕವನ್ನು ಬೇಗ ಬಿಟ್ಟುಕೊಟ್ಟ. ಗೆಲ್ಲಲು ಎಷ್ಟು ಬೇಕೆಂಬುದು ಎದುರಿನವರಿಗೆ ತಿಳಿಯಿತು. 1,311 ಮತಗಳಿಂದ ಸೋತ. ಆ ಪಾಠ ಮರೆಯಲಿಲ್ಲ. 1948ರಲ್ಲಿ ಎದುರಾಳಿ ಕೋಕ್ ಸ್ಟೀವನ್ಸನ್. ಟೆಕ್ಸಸ್ ಆಗ ಒಂದೇ ಪಕ್ಷದ ರಾಜ್ಯವಾದ್ದರಿಂದ ಡೆಮಾಕ್ರಟಿಕ್ ಪಕ್ಷದೊಳಗಿನ ಸ್ಪರ್ಧೆಯೇ ಚುನಾವಣೆ. ಸುಮಾರು ಹತ್ತು ಲಕ್ಷ ಮತ ಬಿದ್ದು ಸ್ಟೀವನ್ಸನ್ ಕೂದಲೆಳೆಯಷ್ಟು ಮುಂದಿದ್ದಾಗ, ಮತದಾನವಾಗಿ ಆರು ದಿನಕ್ಕೆ, ಜಿಮ್ ವೆಲ್ಸ್ ಕೌಂಟಿಯ ಆಲಿಸ್ ಊರಿನ 13ನೇ ಮತಪೆಟ್ಟಿಗೆಯಿಂದ ‘ತಿದ್ದುಪಡಿ’ ಬಂತು: ಜಾನ್ಸನ್‌ಗೆ ಇನ್ನೂ 200. ಪಟ್ಟಿಯ ಕೊನೆಯ 202 ಹೆಸರುಗಳು ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, ಅಕಾರಾದಿಯಾಗಿ ಇದ್ದವು. ಆ ಭಾಗದ ಮತಗಳ ಯಜಮಾನ ಜಾರ್ಜ್ ಪಾರ್ ಎಂಬ ಪಾಳೇಗಾರ. ಅಂತಿಮ ಅಂತರ 87. ಪಕ್ಷದ ಸಮಿತಿ 29ಕ್ಕೆ 28 ಮತಗಳಿಂದ ಅದನ್ನು ಒಪ್ಪಿತು, ಕೋರ್ಟಿನ ತನಿಖೆ ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಮೂರ್ತಿಯ ತಡೆಯಾಜ್ಞೆಯಿಂದ ನಿಂತಿತು. ಮೋಸ ನಡೆದದ್ದು ನಿಜವೆಂದು ಮತಗಟ್ಟೆಯ ಅಧಿಕಾರಿಯಾಗಿದ್ದ ಲೂಯಿಸ್ ಸಾಲಾಸ್ 1977ರಲ್ಲಿ ಒಪ್ಪಿಕೊಂಡ. ಹೀಗೆ ಸೆನೆಟ್ ಸೇರಿದ ಮನುಷ್ಯನೇ ಅಧ್ಯಕ್ಷನಾಗಿ, 1965ರಲ್ಲಿ ಸಂಸತ್ತಿನ ಮುಂದೆ ಕೊಟುಲಾದ ಮಕ್ಕಳನ್ನು ನೆನೆದು, ಕಪ್ಪು ಜನರ ಮತದ ಹಕ್ಕನ್ನು ಕಾಯುವ ಕಾಯ್ದೆ ತಂದ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದೆ ಜಾನ್ಸನ್ ಅರ್ಥವಾಗುವುದಿಲ್ಲ.

ಇನ್ನೊಂದು ಪೆಟ್ಟಿಗೆ ಜಾರ್ಜಿಯಾದ್ದು, 1962ರದ್ದು. ಜಿಮ್ಮಿ ಕಾರ್ಟರ್ ಪರಮಾಣು ಜಲಾಂತರ್ಗಾಮಿ ಯೋಜನೆಯಲ್ಲಿದ್ದ ನೌಕಾಧಿಕಾರಿ; 1953ರಲ್ಲಿ ಅಪ್ಪ ಸತ್ತ ಮೇಲೆ ಪ್ಲೇನ್ಸ್ ಎಂಬ ಹಳ್ಳಿಗೆ ಮರಳಿ ಶೇಂಗಾ ವ್ಯಾಪಾರಕ್ಕೆ ಇಳಿದ. (ಈ ಅಪ್ಪನೂ ಸಾಯುವಾಗ ಶಾಸಕ.) ಜಾರ್ಜಿಯಾದಲ್ಲಿ ಅದುವರೆಗೆ ಜನಸಂಖ್ಯೆಗೆ ಅನುಗುಣವಲ್ಲದ, ಸಣ್ಣ ಸಣ್ಣ ಕೌಂಟಿಗಳಿಗೆ ಭಾರಿ ತೂಕ ಕೊಡುವ ಮತಪದ್ಧತಿಯಿತ್ತು. ನಾಲ್ಕಾರು ಹಳ್ಳಿ ಪುಢಾರಿಗಳನ್ನು ಹಿಡಿದರೆ ರಾಜ್ಯವೇ ಕೈಯಲ್ಲಿ. 1962ರಲ್ಲಿ ಕೋರ್ಟುಗಳು ಅದನ್ನು ರದ್ದು ಮಾಡಿ, ರಾಜ್ಯ ಸೆನೆಟ್‌ಗೆ ಹೊಸ ಕ್ಷೇತ್ರಗಳಾದವು. ಕಾರ್ಟರ್ ತನ್ನ 38ನೇ ಹುಟ್ಟುಹಬ್ಬದ ದಿನ ನಿಲ್ಲುವುದಾಗಿ ತೀರ್ಮಾನಿಸಿದ; ಚುನಾವಣೆಗೆ ಉಳಿದದ್ದು ಹದಿನೈದು ದಿನ.

ಕ್ವಿಟ್‌ಮನ್ ಕೌಂಟಿಯ ಜಾರ್ಜ್‌ಟೌನ್ ಮತಗಟ್ಟೆಯಲ್ಲಿ ಸ್ಥಳೀಯ ಪುಢಾರಿ ಜೋ ಹರ್ಸ್ಟ್ ಮೇಜಿನ ಬಳಿಯೇ ನಿಂತು ಯಾರಿಗೆ ಹಾಕಬೇಕೆಂದು ಹೇಳುತ್ತಿದ್ದ. ಮರೆಯಿಲ್ಲ, ಗುಟ್ಟಿಲ್ಲ, ಮತಪೆಟ್ಟಿಗೆ ಎಂದರೆ ತೂತು ಕೊರೆದ ರಟ್ಟಿನ ಡಬ್ಬ, ಅದರೊಳಗೆ ಕೈಹಾಕಿ ಚೀಟಿ ತೆಗೆದು ನೋಡುವುದೂ ಆಯಿತು. 333 ಜನ ಮತ ಹಾಕಿದ ಕಡೆ 420 ಚೀಟಿಗಳು ಸಿಕ್ಕವು. ಸತ್ತವರು, ಜೈಲಿನಲ್ಲಿದ್ದವರು ಮತ ಹಾಕಿದ್ದರು. ಆಲಿಸ್‌ನಲ್ಲಿ ಆದಂತೆಯೇ ನೂರಕ್ಕೂ ಹೆಚ್ಚು ಜನ ಅಕಾರಾದಿ ಕ್ರಮದಲ್ಲಿ ಸಾಲಾಗಿ ಬಂದು ಹಾಕಿದ್ದರು! ಕಾರ್ಟರ್ ಸುಮ್ಮನಾಗಲಿಲ್ಲ. ಚಾರ್ಲ್ಸ್ ಕರ್ಬೊ ಎಂಬ ಅಟ್ಲಾಂಟಾ ವಕೀಲನನ್ನು ಹಿಡಿದ. ಜಾನ್ ಪೆನ್ನಿಂಗ್‌ಟನ್ ಎಂಬ ವರದಿಗಾರ ಮನೆಮನೆಗೆ ಹೋಗಿ ಬರೆದ. ನ್ಯಾಯಾಧೀಶ ಆ ಪೆಟ್ಟಿಗೆಯನ್ನೇ ತಳ್ಳಿಹಾಕಿದ, ಕಾರ್ಟರ್ ಗೆದ್ದ. ಜಾನ್ಸನ್ ಪುಢಾರಿಯ ಪೆಟ್ಟಿಗೆಯಿಂದ ಮೇಲೆ ಬಂದರೆ ಕಾರ್ಟರ್ ಅಂಥದೇ ಪೆಟ್ಟಿಗೆಯನ್ನು ಒಡೆದು ಬಂದ. ಹಾಗೆಂದು ಅವನನ್ನು ಸಂತನೆಂದು ತಿಳಿಯಬೇಕಿಲ್ಲ. 1966ರಲ್ಲಿ ಗವರ್ನರ್ ಸ್ಪರ್ಧೆಯಲ್ಲಿ ಸೋತು, 1970ರಲ್ಲಿ ವರ್ಣಭೇದ ಬೆಂಬಲಿಸುವ ಬಿಳಿಯರ ಮನಸ್ಸು ಗೆಲ್ಲುವಂತೆ ಪ್ರಚಾರ ಮಾಡಿ ಗೆದ್ದ. ಅಧಿಕಾರ ಸ್ವೀಕಾರದ ಭಾಷಣದಲ್ಲೇ ವರ್ಣಭೇದದ ಕಾಲ ಮುಗಿಯಿತೆಂದು ಸಾರಿದ.

ಅವನಿಗೆ ಅಧ್ಯಕ್ಷಗಿರಿಯ ದಾರಿ ತೆರೆದದ್ದು ಬಾಗಿಲು ಎರಡನೇ ಸಲ ಜಾಗ ಬದಲಿಸಿದ್ದರಿಂದ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಯಲ್ಲೂ, ಅಂದರೆ ಪಕ್ಷದ ಅಭ್ಯರ್ಥಿಗಾಗಿ ರಾಜ್ಯಗಳಲ್ಲಿ ನಡೆಯುವ ಮತದಾನದಲ್ಲೂ, ಸ್ಪರ್ಧಿಸದೆ ಡೆಮಾಕ್ರಟಿಕ್ ಟಿಕೆಟ್ ಪಡೆದ. ಹೊರಗೆ ಶಿಕಾಗೊದ ಬೀದಿಯಲ್ಲಿ ಪೊಲೀಸರು ಪ್ರತಿಭಟನಾಕಾರರನ್ನು ಹೊಡೆಯುತ್ತಿದ್ದುದನ್ನು ದೇಶ ಟಿವಿಯಲ್ಲಿ ನೋಡಿತು. ಆ ಅವಮಾನದಿಂದ ನಿಯಮ ಬದಲಾಗಿ, 1972ರಿಂದ ಪ್ರತಿನಿಧಿಗಳನ್ನು ಪುಢಾರಿಗಳ ಬದಲು ರಾಜ್ಯರಾಜ್ಯಗಳ ಸಾಮಾನ್ಯ ಮತದಾರರು ಪ್ರೈಮರಿಗಳಲ್ಲಿ, ಕಾಕಸ್ ಎಂಬ ಪಕ್ಷದ ಸ್ಥಳೀಯ ಸಭೆಗಳಲ್ಲಿ ಆರಿಸುವಂತಾಯಿತು. ಈ ಬದಲಾವಣೆಯ ಅರ್ಥ ಮೊದಲು ಹೊಳೆದವರಲ್ಲಿ ಕಾರ್ಟರ್ ಒಬ್ಬ. ಆಗ ಎಲ್ಲರಿಗಿಂತ ಮೊದಲು ಮತ ಹಾಕುತ್ತಿದ್ದ ಅಯೋವಾ ರಾಜ್ಯಕ್ಕೆ ಹೋಗಿ, ಬೆಂಬಲಿಗರ ಮನೆಗಳಲ್ಲಿ ಮಲಗಿ, ಬೆಳಿಗ್ಗೆ ತನ್ನ ಹಾಸಿಗೆ ತಾನೇ ಸರಿಪಡಿಸಿ ಹೊರಡುತ್ತಿದ್ದ. 1976ರ ಜನವರಿಯಲ್ಲಿ ಅಲ್ಲಿ ಅವನಿಗೆ ಬಂದದ್ದು ಸುಮಾರು ಶೇ 28. ಯಾರಿಗೂ ಬದ್ಧರಲ್ಲ ಎಂದವರೇ ಶೇ 37. ಆದರೂ ಹೆಸರಿದ್ದವರಲ್ಲಿ ಮೊದಲನೆಯವನು ಅವನೇ. ಟಿವಿಗೆ ಅಷ್ಟು ಸಾಕಿತ್ತು.

ಬರಾಕ್ ಒಬಾಮ ಕೂಡ ಇದೇ ಬಾಗಿಲಿನಿಂದ ಬಂದವರು. 2000ದಲ್ಲಿ ಶಿಕಾಗೊದ ಕೆಳಮನೆ ಸೀಟಿಗೆ ಸ್ವಂತ ಪಕ್ಷದ ಬಾಬಿ ರಷ್ ವಿರುದ್ಧ ಹೀನಾಯವಾಗಿ ಸೋತು, ಆ ವರ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಸಭಾಂಗಣದೊಳಗೆ ಹೋಗಲು ಪಾಸೂ ಸಿಗದೆ ಮರಳಿದವರು, ನಾಲ್ಕು ವರ್ಷಕ್ಕೆ ಬಾಸ್ಟನ್ ಸಮಾವೇಶದ ಮುಖ್ಯ ಭಾಷಣ ಮಾಡಿದರು. 2008ರ ಜನವರಿಯಲ್ಲಿ ಅಯೋವಾ ಗೆದ್ದರು. ಪುಢಾರಿಗಳ ಕಾಲವಾಗಿದ್ದರೆ ಹಿಲರಿ ಕ್ಲಿಂಟನ್ ಅವರನ್ನು ದಾಟುವುದು ಸುಲಭವಿರಲಿಲ್ಲ ಎಂದು ನನ್ನ ಅನಿಸಿಕೆ.

ಅದೇ ಬಾಗಿಲು 2016ರಲ್ಲಿ ಇನ್ನೊಂದು ಬಗೆಯಲ್ಲಿ ತೆರೆಯಿತು. ಡೊನಾಲ್ಡ್ ಟ್ರಂಪ್ ಅದಕ್ಕೂ ಮುಂಚೆ ಯಾವ ಸರ್ಕಾರಿ ಹುದ್ದೆಯಲ್ಲೂ ಸೇನೆಯಲ್ಲೂ ಇರದೆ ಅಧ್ಯಕ್ಷರಾದ ಮೊದಲಿಗರು. ರಿಪಬ್ಲಿಕನ್ ಪಕ್ಷದ ಹಿರಿಯರಲ್ಲಿ ಬಹಳಷ್ಟು ಜನರಿಗೆ ಅವರು ಬೇಡವಾಗಿದ್ದರು, ಆದರೆ ಹಿರಿಯರ ಕೈಯಲ್ಲಿ ಈಗ ಟಿಕೆಟ್ ಇರಲಿಲ್ಲ. ಹದಿನೇಳು ಜನ ಕಣಕ್ಕಿಳಿದಿದ್ದರಿಂದ ವಿರೋಧದ ಮತ ಹಂಚಿಹೋಯಿತು. ಸೌತ್ ಕ್ಯಾರೊಲೈನಾದಲ್ಲಿ ಟ್ರಂಪ್‌ಗೆ ಬಂದದ್ದು ಶೇ 32.5 ಮತ, ರಾಜ್ಯದ ನಿಯಮದಂತೆ ಸಿಕ್ಕಿದ್ದು 50ಕ್ಕೆ 50 ಪ್ರತಿನಿಧಿಗಳು. 1860ರ ಶಿಕಾಗೊದಲ್ಲಿ ಸೀವರ್ಡ್ ಮೊದಲ ಸುತ್ತಿನಲ್ಲೇ ಸುಮಾರು ಶೇ 37 ಮತ ಹಿಡಿದಿದ್ದ. ಉಳಿದವರು ಎರಡು ಸುತ್ತು ಯೋಚಿಸಿ, ಅವನನ್ನು ಬಿಟ್ಟು ಲಿಂಕನ್ನನ ಕಡೆ ಸರಿದಿದ್ದರು. 2016ರ ಪ್ರೈಮರಿಗಳಲ್ಲಿ ಹಾಗೆ ಸರಿಯಲು ಎರಡನೇ ಸುತ್ತೇ ಇರಲಿಲ್ಲ.